ಕೊರಳಿನ ಕೆಳಗೆ ಜನರಲ್ ಸಾಹೇಬರು

ಅಕ್ಕಲಕೋಟ ತಾಲೂಕಿನಲ್ಲಿ ಎರಡನೆಯ ಮಹಾಯುದ್ಧದ ಒಬ್ಬ ಜರ್ಮನ್ ಸೇನಾಪತಿಯ ಬಗ್ಗೆ ಅಧಿಕಾರವಾಣಿಯಲ್ಲಿ ಮಾತಾಡಬಲ್ಲವನು ನಾನೊಬ್ಬನೇ ಎಂಬುದು ಬಹಳ ವರ್ಷಗಳಿಂದ ಒಪ್ಪಿಕೊಂಡು ಬಂದ ಸಂಗತಿ. ಈ ಪೀಠಕ್ಕೆ ಬೇರೆ ಯಾರೂ ಉಮೇದುವಾರಿಕೆ ಹಾಕಲಿಲ್ಲವಾದ್ದರಿಂದ ನನ್ನ ಆಯ್ಕೆ ಅವಿರೋಧವಾಗಿ ನಡೆಯಿತು.

ನಮ್ಮ ಕಡೆ ಬೇಸಿಗೆಯ ಹಿಂದೆಯೇ ವ್ಯಾಖ್ಯಾನಮಾಲೆ ಬರುತ್ತದೆ. ಮರಾಠಿ ನಾಡಿನ ಪದ್ಧತಿ ಇದು: ಸಂಜೆ ಶಾಲೆಯ ಅಂಗಳಕ್ಕೆ ನೀರು ಚಿಮುಕಿಸಿ, ಜಮಖಾನೆ ಹಾಸಿ, ದಿನಕ್ಕೊಬ್ಬ ಭಾಷಣಕಾರನನ್ನು ಕರೆಸಿ, ಊರಿನ ಜನ ಸೆಖೆ ಮರೆಯುವ ತನಕ ಅವನಿಂದ ಮಾತಾಡಿಸುವುದು. ಒಂದು ವರ್ಷ ಪುಣೆಯಿಂದ ಬರಬೇಕಾಗಿದ್ದ ವಿದ್ವಾಂಸರು ಬರಲಿಲ್ಲ. ನಾನಾಗ ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರ. ಆ ಜನರಲ್‌ನ ಮೇಲಿನ ಒಂದು ದಪ್ಪ ಪುಸ್ತಕ ಓದಿ ಮುಗಿಸಿದ್ದೆ. ಸಮಿತಿಯವರು ಹಿಂದಿನಿಂದ ದೂಡಿ ವೇದಿಕೆಗೆ ಹತ್ತಿಸಿದರು. ಜನಕ್ಕೆ ರುಚಿಸಿತು. ಅಂದಿನಿಂದ ಇಂದಿನವರೆಗೆ ನಾನು ಬೇರೆ ಯಾವ ವಿಷಯ ಸೂಚಿಸಿದರೂ ಅಧ್ಯಕ್ಷರ ಉತ್ತರ ಒಂದೇ: "ಅದೆಲ್ಲಾ ಖರೇರಿ ಸರ, ಆದ್ರ ಈ ವರ್ಷ ಜನರಲ್‌ನ್ನ ಮಾಡ್ರಿ."

ಹೀಗಾಗಿ ಜನರಲ್ ಸಾಹೇಬರ ಸೈನಿಕ ಜೀವನವನ್ನು ನಾನು ಅಕ್ಕಲಕೋಟದಲ್ಲಿಯೂ ಸೊಲ್ಲಾಪುರದ ಪೇಟೆಪೇಟೆಗಳಲ್ಲಿಯೂ ಎಷ್ಟು ಸಲ ಬದುಕಿದ್ದೇನೆಂದರೆ, ಸ್ವತಃ ಅವರಿಗೆ ಅಷ್ಟು ಅನುಭವವಿದ್ದಿರಲಾರದು. ಅವರು ಮಾಸ್ತರರ ಮಗ. ಈ ವಾಕ್ಯಕ್ಕೆ ಮುಂದಿನ ಸಾಲಿನ ನಿವೃತ್ತ ಶಿಕ್ಷಕರು ತಪ್ಪದೆ ತಲೆದೂಗುತ್ತಿದ್ದರು. ಮೊದಲ ಯುದ್ಧದಲ್ಲಿ ಇನ್ನೂ ತರುಣ ಅಧಿಕಾರಿ. ಇಟಲಿಯ ಬೆಟ್ಟಗಳನ್ನು ಯಾರೂ ಎಣಿಸದ ದಿಕ್ಕಿನಿಂದ ಹತ್ತಿ, ತನ್ನ ತುಕಡಿಗಿಂತ ಎಷ್ಟೋ ಪಟ್ಟು ದೊಡ್ಡ ಸೈನ್ಯವನ್ನು ಸೆರೆಹಿಡಿದು, ಕೊರಳಿಗೆ ನೀಲಿ ಶಿಲುಬೆ ಕಟ್ಟಿಸಿಕೊಂಡವರು. ಶಾಂತಿಯ ಕಾಲದಲ್ಲಿ ಸೈನಿಕ ಶಾಲೆಯಲ್ಲಿ ಪಾಠ ಹೇಳಿ ಪುಸ್ತಕ ಬರೆದರು. ಆ ಪುಸ್ತಕ ಸರ್ವಾಧಿಕಾರಿಯ ಮೆಚ್ಚುಗೆ ಗಳಿಸಿತು; ಅವನ ಕಾವಲು ದಳಕ್ಕೆ ಇವರು ಮುಖ್ಯಸ್ಥರಾದರು. ಇಲ್ಲಿ ನಾನು ಸ್ವಲ್ಪ ಬೇಗಬೇಗ ಹೆಜ್ಜೆ ಹಾಕುತ್ತಿದ್ದೆ. ಕೇಳುವವರೂ ನನ್ನನ್ನು ತಡೆಯುತ್ತಿರಲಿಲ್ಲ. ಮುಂದೆ ಫ್ರಾನ್ಸಿನಲ್ಲಿ ಟ್ಯಾಂಕುಗಳನ್ನು ಎಂಥ ವೇಗದಲ್ಲಿ ಓಡಿಸಿದರೆಂದರೆ, ಅವರು ಎಲ್ಲಿದ್ದಾರೆಂಬುದು ಶತ್ರುವಿಗೂ ತಿಳಿಯಲಿಲ್ಲ, ಅವರ ಮೇಲಧಿಕಾರಿಗಳಿಗೂ ತಿಳಿಯಲಿಲ್ಲ. ಆಮೇಲೆ ಆಫ್ರಿಕಾದ ಮರಳುಗಾಡು. ಮೋಟಾರುಗಳಿಗೆ ಕಟ್ಟಿಗೆಯ ಹೊದಿಕೆ ಹಾಕಿ ಟ್ಯಾಂಕಿನಂತೆ ತೋರಿಸಿದ್ದು, ಧೂಳೆಬ್ಬಿಸಿ ದೊಡ್ಡ ಸೈನ್ಯವೇ ಬಂದಂತೆ ಭ್ರಮೆ ಹುಟ್ಟಿಸಿದ್ದು. ಇಲ್ಲಿ ಚಪ್ಪಾಳೆ. ತೊಬ್ರುಕ್ ಎಂಬ ಕೋಟೆಯಂಥ ಬಂದರು ಅವರ ಕೈಗೆ ಬಿತ್ತು. ಸಾವಿರಾರು ಸೈನಿಕರು ಸೆರೆಯಾದರು, ಅವರಲ್ಲಿ ನಮ್ಮ ಹಿಂದೂಸ್ತಾನದವರೂ ಇದ್ದರು, ಸಾಹೇಬರಿಗೆ ಫೀಲ್ಡ್ ಮಾರ್ಷಲ್ ಪದವಿ ದೊರೆಯಿತು.

"ಅವರಲ್ಲಿ ನಮ್ಮ ಹಿಂದೂಸ್ತಾನದವರೂ ಇದ್ದರು." ನೀರು ಕುಡಿದು ಗಂಟಲು ಸರಿಮಾಡಿಕೊಳ್ಳಲು ಬಹಳ ಅನುಕೂಲವಾದ ವಾಕ್ಯ ಇದು.

ಕೊನೆಗೆ ಪೆಟ್ರೋಲು ತೀರಿತು, ಹಿಂದೆ ಸರಿಯಬೇಕಾಯಿತು, ಸರ್ವಾಧಿಕಾರಿಗೆ ಸಂಶಯ ಬಂತು, ಮನೆಗೇ ವಿಷ ಕಳಿಸಿದ. ಸಾಹೇಬರು ಅದನ್ನು ತೆಗೆದುಕೊಂಡರು. ವಿಷ ಕಳಿಸಿದ ಸರಕಾರವೇ ಸಕಲ ಮರ್ಯಾದೆಗಳೊಂದಿಗೆ ಅಂತ್ಯಸಂಸ್ಕಾರ ಮಾಡಿತು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅಧ್ಯಕ್ಷರು ಎದ್ದು ನಿಂತು, ಈ ಯುದ್ಧವಿದ್ಯೆಯೆಲ್ಲ ನಮ್ಮ ಮಹಾರಾಜರಿಂದ ಕದ್ದದ್ದೇ ಎಂದು ಸಮಾರೋಪ ಮಾಡುತ್ತಿದ್ದರು. ಆ ಜನರಲ್ ನಮ್ಮ ಹುಡುಗರ ಎದುರು ಪಕ್ಷದವನು ಎಂಬುದು ಆ ಅಂಗಳದಲ್ಲಿ ಯಾರಿಗೂ ನೆನಪಿರುತ್ತಿರಲಿಲ್ಲ. ನೆನಪಿಸುವುದು ನನ್ನ ಕೆಲಸವೆಂದು ನನಗೂ ಅನಿಸಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಸಮಿತಿಯವರು ನನಗೆ ಸತ್ಕಾರ ಮಾಡಲು ನಿಶ್ಚಯಿಸಿದರು. ಶಾಲು, ತೆಂಗಿನಕಾಯಿ, ಟೊಪ್ಪಿಗೆ, ಟಾವೆಲು ಇದ್ದದ್ದೇ. ಜೊತೆಗೆ ಸೊಲ್ಲಾಪುರದ ರಿವಾಜಿನಂತೆ ಬಟ್ಟೆಯಲ್ಲಿ ನೇಯ್ದ ಒಂದು ಗೋಡೆಚಿತ್ರ. ಯಾರ ಚಿತ್ರವಿರಬೇಕೆಂಬ ಚರ್ಚೆಯಲ್ಲಿ ಒಬ್ಬ ಸದಸ್ಯರು ಸತ್ಕಾರಮೂರ್ತಿಯದೇ ಇರಲಿ ಎಂದು ಸೂಚಿಸಿದರಂತೆ. ಅಧ್ಯಕ್ಷರು ಸ್ವಲ್ಪ ಹೊತ್ತು ನನ್ನ ಮುಖ ನೆನಪಿಸಿಕೊಂಡು, "ಬ್ಯಾಡ, ಜನರಲ್‌ದ ಮಾಡಸೂಣು. ಅಂವ ನೋಡಾಕ ಚಂದ ಅದಾನ" ಅಂದರಂತೆ. ಠರಾವು ಸರ್ವಾನುಮತದಿಂದ ಪಾಸಾಯಿತು.

ಸೊಲ್ಲಾಪುರದ ಅಕ್ಕಲಕೋಟ ರಸ್ತೆಯಲ್ಲಿರುವ ಎಂಐಡಿಸಿ ಎಂಬ ಕೈಗಾರಿಕಾ ವಸಾಹತಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಕೈಮಗ್ಗಕ್ಕಿಂತ ತುಸು ದೊಡ್ಡದಾದ, ಕಾರಖಾನೆಗಿಂತ ತುಸು ಚಿಕ್ಕದಾದ ಶೆಡ್ಡು ಇದೆ. ಹೊಟ್ಟೆಪಾಡು ಟಾವೆಲಿನಿಂದ, ಹೆಸರು ಗೋಡೆಚಿತ್ರಗಳಿಂದ. ಅಕ್ಕಲಕೋಟಕ್ಕೆ ಬರುವ ಭಕ್ತರಿಗೆ ಸ್ವಾಮಿಗಳು, ಜಯಂತಿಗಳಿಗೆ ಕುದುರೆಯ ಮೇಲಿನ ಮಹಾರಾಜರು ಮತ್ತು ಸಂವಿಧಾನದ ಪುಸ್ತಕ ಹಿಡಿದ ನೀಲಿ ಕೋಟಿನ ಸಾಹೇಬರು, ಚುನಾವಣೆಯ ಕಾಲಕ್ಕೆ ಆಯಾ ಪಕ್ಷದ ಧುರೀಣರು. ಪಕ್ಕದ ಶೆಡ್ಡುಗಳಿಗೆ ಕಂಪ್ಯೂಟರಿನ ಮಗ್ಗಗಳು ಬಂದಿವೆ. ಇವನದು ಇನ್ನೂ ಹಳೆಯ ಜಕಾರ್ಡ್: ಚಿತ್ರದ ಅಡ್ಡ ಎಳೆ ಒಂದೊಂದಕ್ಕೂ ತೂತು ಕೊರೆದ ಒಂದೊಂದು ರಟ್ಟಿನ ಪುಠ್ಠೆ, ಆ ಪುಠ್ಠೆಗಳನ್ನೆಲ್ಲ ಸಾಲಾಗಿ ಹೊಲಿದು ಮಾಲೆ ಮಾಡಿ ಮಗ್ಗದ ತಲೆಯ ಮೇಲೇರಿಸುವುದು. ಮಾಲೆ ತಿರುಗಿದಂತೆ ಕೆಳಗೆ ಬಟ್ಟೆಯಲ್ಲಿ ಮನುಷ್ಯ ಮೂಡುತ್ತಾನೆ. ನಾನು ಫೋಟೋ ಹಿಡಿದುಕೊಂಡು ಹೋಗಿ ಕಾಲರಿನ ಪಟ್ಟಿ, ಗುಂಡಿ, ಎದೆಯ ಹದ್ದು, ಕೊರಳಿನ ಶಿಲುಬೆ, ಯಾವುದನ್ನೂ ಬಿಡದೆ ಅವನಿಂದ ಕೊರೆಸಿದೆ. ಒಂದು ವಿಷಯದಲ್ಲಿ ಮಾತ್ರ ಅವನು ನನ್ನ ಮಾತು ಕೇಳಲಿಲ್ಲ. ಹದ್ದಿನ ಕಾಲಲ್ಲಿದ್ದ ಸ್ವಸ್ತಿಕವನ್ನು ನೋಡಿ, "ಸರ, ಇದ ಸೊಟ್ಟ ಐತಿ. ಜರ್ಮನಿಯವರಿಗೆ ಏನ ಗೊತ್ತ, ಪಾಪ. ನಾ ನೆಟ್ಟಗ ಮಾಡೀನಿ" ಅಂದ. ಸ್ವಸ್ತಿಕ ನೆಟ್ಟಗಾಗಿ ಮಂಗಳಕರವಾಯಿತು.

ಆ ಸತ್ಕಾರದ ದಿನ ಸಭೆ ಮುಗಿದ ಮೇಲೆ ಎಸ್‌ಟಿ ಬಸ್ಸಿನ ಕಂಡಕ್ಟರನೊಬ್ಬ ಖಾಕಿಯಲ್ಲಿಯೇ ವೇದಿಕೆಯ ಹತ್ತಿರ ಬಂದ. ಡ್ಯೂಟಿ ಮುಗಿಸಿ ನೇರ ಬಂದಿದ್ದನೆಂದು ಕಾಣುತ್ತದೆ.

"ಸರ, ನೀವು ತೊಬ್ರುಕ್ ಅಂದ್ರಲ್ಲ, ಅಲ್ಲೇ ನಮ್ಮ ಆಯಿಯ ಅಪ್ಪ ಇದ್ದನಂತ. ಜರ್ಮನ್ ಮಂದಿ ಹಿಡಕೊಂಡು ಒಯ್ದರಂತ. ಹೊಳ್ಳಿ ಬರಲಿಲ್ಲ. ಅಲ್ಲೆ ಎಲ್ಲೋ ಜೇಲಿನ್ಯಾಗ ಸತ್ತ."

ಯಾವ ಊರು ಎಂದೆ. ಅವನು ಹೇಳಿದ ಊರು ನನ್ನದೇ. ಅಲ್ಲಿ ನಮ್ಮ ಅಜ್ಜನ ವಾಡೆ, ಎಂದರೆ ಜಗಲಿಕಟ್ಟೆಯ ದೊಡ್ಡ ಮನೆ, ಇತ್ತು. ಕಂಡಕ್ಟರನ ಮನೆತನದವರದು ಊರ ಹೊರಗಿನ ಕೇರಿ. ಈಗ ಅವರು ಬೌದ್ಧರು, ಅಕ್ಕಲಕೋಟದಲ್ಲಿ ಸ್ವಂತ ಮನೆ ಕಟ್ಟಿದ್ದಾರೆ. ವಾಡೆ ಬಿದ್ದುಹೋಗಿದೆ. ಆಯಿ, ಅಂದರೆ ಅವನ ಅಜ್ಜಿ, ಒಮ್ಮೆ ನನ್ನನ್ನು ನೋಡಬೇಕೆಂದಿದ್ದಾರೆ ಎಂದು ಅವನು ಹೇಳಿದ. ಮರುದಿನ ಹೋದೆ.

ಎಂಬತ್ತು ದಾಟಿದ ಆಯಿ ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ಒಂದು ಕಣ್ಣು ಪೂರ್ತಿ ಬೆಳ್ಳಗಾಗಿತ್ತು. ಇನ್ನೊಂದರಿಂದ ನನ್ನನ್ನು ಮೇಲಿನಿಂದ ಕೆಳಗೆ ಅಳೆದು, "ಬರ್ರಿ ಮಾಸ್ತರ, ವಾಡೇದವರ ಮೊಮ್ಮಗ ಅಲ್ಲೇನ್ರಿ? ಹೇಳೂದ ಬ್ಯಾಡ. ನಿಮ್ಮ ಮಂದೀದು ಮೂಗ ಮೊದಲ ಒಳಗ ಬರತೈತಿ, ಮನಶ್ಯಾ ಆಮ್ಯಾಲ ಬರತಾನ" ಅಂದರು.

"ಆಯಿ, ಸರ ದೊಡ್ಡ ಮಂದಿ ಅದಾರ" ಎಂದು ಮೊಮ್ಮಗ ನಾಚಿದ.

"ಅದಕ್ಕ ಕುರ್ಚಿ ಹಾಕಿಲ್ಲೇನು? ಕುಂಡ್ರಲಿ."

ಕೂತೆ. ಆಯಿ ಮೊರ ಪಕ್ಕಕ್ಕಿಟ್ಟು ಹೇಳತೊಡಗಿದರು. ಅವರ ಅಪ್ಪ ಹೋಗಿದ್ದು ಬಂದೂಕಿಗಿಂತ ಗುದ್ದಲಿ, ಸಲಿಕೆ ಹೆಚ್ಚು ಹಿಡಿಯುವ ಪಲ್ಟನ್ನಿಗೆ. ಹಡಗು ಹತ್ತುವ ಮೊದಲು ಒಂದೇ ಸಲ ರಜೆಯ ಮೇಲೆ ಊರಿಗೆ ಬಂದಿದ್ದ. ಆಗ ಆಯಿ ಇನ್ನೂ ತಾಯಿಯ ಹೊಟ್ಟೆಯಲ್ಲಿ.

"ನಮ್ಮವರು ನಿಮ್ಮ ವಾಡೇದ ಮುಂದ ಹಾಯಬೇಕಂದ್ರ ಚಪ್ಲಿ ಕೈಯಾಗ ಹಿಡಕೋಬೇಕಾಗಿತ್ತು ನೋಡ್ರಿ. ಚಪ್ಲಿ ಇದ್ದವರು. ಇಲ್ಲದವರಿಗೆ ಆ ತ್ರಾಸ ಇರಲಿಲ್ಲ. ಹೊಳ್ಳಿ ಹೋಗೂ ದಿನ ನಮ್ಮಪ್ಪ ಸರಕಾರಿ ಅರಬಿ, ಅಂಗಿ ಚೊಣ್ಣ ಎಲ್ಲಾ ಹಾಕ್ಕೊಂಡ, ಬೂಟ ಹಾಕ್ಕೊಂಡ, ನಿಮ್ಮ ವಾಡೇದ ಮುಂದಿಂದನ ಟಪ್ ಟಪ್ ಅಂತ ಹೋದನಂತ. ನಿಮ್ಮಜ್ಜ ಕಟ್ಟೀಮ್ಯಾಗ ಕುಂತಿದ್ದನಂತ. ತುಟಿ ಪಿಟ್ಟ ಅನ್ನಲಿಲ್ಲಂತ. ಸರಕಾರದ ಬೂಟಿಗೆ ಏನ ಅಂತಾನ? ನಮ್ಮವ್ವ ತಲೀಮ್ಯಾಗ ಗಂಟ ಹೊತ್ತು, ಬರಿಗಾಲಾಗ, ತಲಿ ಕೆಳಗ ಹಾಕ್ಕೊಂಡ ಹಿಂದ ಹೊಂಟಿದ್ಲು. ಅಪ್ಪ ಹ್ಯಾಂಗ ಕಾಣತಿದ್ದ ಅಂತ ನಾ ಕೇಳಿದ್ರ, ರಾಜಾ ಕಂಡಂಗ ಕಾಣತಿದ್ದ ಅಂತಿದ್ಲು. ಅಕಿ ರಾಜಾನ್ನ ಯಾವಾಗ ನೋಡಿದ್ಲು?"

ಆಯಿ ಮೊರವನ್ನು ಮತ್ತೆ ಹತ್ತಿರ ಎಳೆದುಕೊಂಡು ಅಂದರು: "ಫೋಟೋ ಇಲ್ಲ. ಹೊಲದಾಗ ದುಡಿಯೋ ಮಂದಿ ಫೋಟೋ ಎಲ್ಲಿ ತಗಸ್ತಾರ? ನನಗ ಒಮ್ಮೆ ಅಂವನ್ನ ನೋಡಬೇಕಂತ ಆಸೆ ಐತಿ ಮಾಸ್ತರ. ಆವತ್ತ ಹೊಂಟಿದ್ದನಲ್ಲ, ಆ ಅರಬ್ಯಾಗ. ಈ ಒಂದ ಕಣ್ಣ ಇರೂದ್ರಾಗ."

ನಮ್ಮ ಮನೆಯಲ್ಲಿ ಆ ಕಟ್ಟೆಯ ಮೇಲೆ ಕೂತವರ ಕಥೆಗಳಿಗೆ ಕೊರತೆ ಇರಲಿಲ್ಲ. ಸಂಸ್ಥಾನದ ಸರದಾರರು ಕೂತು ಪಾನ ಹಾಕಿಕೊಂಡದ್ದು, ಮಾಮಲೇದಾರರು ಕೂತು ಬೆವರೊರೆಸಿಕೊಂಡದ್ದು, ಒಬ್ಬ ಬಿಳಿಯ ಸಾಹೇಬ ಕೂತು ಮಜ್ಜಿಗೆ ಕೇಳಿದ್ದು. ಕಟ್ಟೆಯ ಮುಂದೆ ನಡೆದು ಹೋದವರ ಕಥೆ ಒಂದೂ ಇರಲಿಲ್ಲ. ಆಯಿ ಹೇಳಿದ್ದನ್ನು ನಾನು ಅಂದೇ ಮೊದಲ ಸಲ ಕೇಳಿದೆ.

ಕಂಡಕ್ಟರನ ಮನಸ್ಸಿನಲ್ಲಿ ಆಗಲೇ ಒಂದು ಯೋಜನೆ ಸಿದ್ಧವಿತ್ತು. ನನಗೆ ಕೊಟ್ಟಂಥದೇ ಗೋಡೆಚಿತ್ರವನ್ನು ಮುತ್ತಜ್ಜನದೂ ನೇಯಿಸಬೇಕು. ಬೀಗರನ್ನು, ಓಣಿಯವರನ್ನು ಕರೆದು, ಮನೆಯಲ್ಲಿ ಬುದ್ಧನ ಪಟದ ಪಕ್ಕ ಹಾಕಬೇಕು. ನಾನು ಶೆಡ್ಡಿನ ದಾರಿ ಹೇಳಿದೆ. ಉಳಿದದ್ದು ಅವರಿಬ್ಬರೂ ಕೂಡಿ ಮಾಡಿಕೊಂಡರು. ಮುಖಕ್ಕೆ ಫೋಟೋ ಇಲ್ಲ ಅಂದಾಗ ನನ್ನ ವಿದ್ಯಾರ್ಥಿ ಗಾಬರಿಯಾಗಲಿಲ್ಲವಂತೆ. ನಮ್ಮ ಕಡೆ ಫೋಟೋ ಇಲ್ಲದೆ ಸತ್ತವರು ಬಹಳ. ಅದಕ್ಕೊಂದು ರೂಢಿಯ ಉಪಾಯವಿದೆ. ಮನೆತನದಲ್ಲಿ ಯಾರು ಅವರಂತಿದ್ದಾರೋ ಅವರ ಮುಖ ತೆಗೆದುಕೊಳ್ಳುವುದು.

"ಯಾರಂಗ ಇದ್ದ?" ಎಂದು ಕೇಳಿದ.

"ನಮ್ಮ ಆಯಿ ಅಪ್ಪನ ಪಡಿಯಚ್ಚ ಅಂತ ಊರಾಗ ಎಲ್ಲಾರೂ ಅಂತಿದ್ರು."

"ಮತ್ತೇನ, ಆಯಿದು ಒಂದ ಫೋಟೋ ತಗೊಂಡ ಬಾ. ಮೀಸಿ ನಾ ಹಚ್ಚತೀನಿ."

ಚಿತ್ರ ಸಿದ್ಧವಾಯಿತೆಂದು ಫೋನು ಬಂತು. ಸಮಾರಂಭದ ದಿನ ಗೊತ್ತಾಗಿತ್ತು, ಅಡಿಗೆಯವನಿಗೆ ಹೇಳಿಯಾಗಿತ್ತು. ಆದರೆ ಆಯಿಗೆ ಅಲ್ಲಿಯತನಕ ತಡೆಯಲಾಗಲಿಲ್ಲ. ಮನೆಗೆ ತರುವುದು ಬೇಡ, ನಾನೇ ಬರುತ್ತೇನೆ ಎಂದು ಹಟ ಹಿಡಿದರು. ಮೊಮ್ಮಗ ಎಸ್‌ಟಿಯಲ್ಲಿ ಮುಂದಿನ ಸೀಟು ಹಿಡಿದು ಕೂಡಿಸಿ ಸೊಲ್ಲಾಪುರಕ್ಕೆ ಕರೆತಂದ, ಅಲ್ಲಿಂದ ಆಟೋ. ನಾನು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆ. ಆಯಿ ಹೊಸ ಇಳಕಲ್ಲ ಸೀರೆ ಉಟ್ಟಿದ್ದರು.

ನನ್ನ ವಿದ್ಯಾರ್ಥಿ ಅವರ ಗೌರವಾರ್ಥ ಮಗ್ಗಗಳನ್ನೆಲ್ಲ ಬಂದ್ ಮಾಡಿಸಿದ. ಅಷ್ಟು ಶಾಂತವಾದ ಶೆಡ್ಡನ್ನು ನಾನು ಎಂದೂ ಕಂಡಿರಲಿಲ್ಲ. ಸುರುಳಿ ಸುತ್ತಿದ್ದ ಬಟ್ಟೆಯನ್ನು ಒಂದು ಕೋಲಿಗೆ ಸಿಕ್ಕಿಸಿ ಮೆಲ್ಲಗೆ ಕೆಳಗೆ ಬಿಟ್ಟ.

ಮೊದಲು ಪೇಟ ಕಂಡಿತು, ಆಮೇಲೆ ಮುಖ. ದಪ್ಪ ಮೀಸೆಯ ಆಯಿ. ಅದರ ಕೆಳಗೆ ಜನರಲ್ ಸಾಹೇಬರು. ಕಾಲರಿನ ಪಟ್ಟಿ, ಗುಂಡಿಗಳು, ಕೊರಳಿನ ನೀಲಿ ಶಿಲುಬೆ, ಎದೆಯ ಬಲಭಾಗದಲ್ಲಿ ರೆಕ್ಕೆ ಬಿಚ್ಚಿದ ಹದ್ದು, ಅದರ ಕಾಲಲ್ಲಿ ನೆಟ್ಟಗೆ ನಿಂತ ಮಂಗಳಕರ ಸ್ವಸ್ತಿಕ. ನಾನು ಬೆನ್ನು ಹತ್ತಿ ಕೊರೆಸಿದ್ದರಲ್ಲಿ ಒಂದು ಗುಂಡಿಯೂ ಕಡಿಮೆಯಾಗಿರಲಿಲ್ಲ.

ನನ್ನ ವಿದ್ಯಾರ್ಥಿಯನ್ನು ಪಕ್ಕಕ್ಕೆ ಕರೆದು ಇದೇನು ಮಾಡಿದೆ ಎಂದೆ. ಅವನಿಗೆ ನನ್ನ ಗಾಬರಿಯ ಅರ್ಥವೇ ಆಗಲಿಲ್ಲ.

"ಯಾಕ್ರಿ ಸರ? ಧಂದೇದಾಗ ಕೊರಳಿನ ಕೆಳಗ ಎಲ್ಲಾರೂ ಒಂದ ಅಲ್ಲರಿ. ಒಂದ ಪಕ್ಷದ ಧುರೀಣರಿಗೆಲ್ಲಾ ನಾವು ಒಂದ ಜಾಕೀಟ ಇಟಗೊಂಡೇವಿ. ಸೀಟ ಬದಲಾದ್ರ ಮಾರಿ ಪುಠ್ಠೆ ಅಷ್ಟ ಬದಲ ಮಾಡತೀವಿ. ಮಿಲಿಟರಿ ಅಂದ್ರ, ನಮ್ಮಲ್ಲಿ ಮಿಲಿಟರೀದು ಇದೊಂದ ಇತ್ತು. ನೀವ ಮಾಡಿಸಿದ್ದು. ಇದಕ್ಕಿಂತ ಚಲೋ ಡ್ರೆಸ್ ಎಲ್ಲಿ ಸಿಗತೈತ್ರಿ?"

ಅದು ಯಾರ ಡ್ರೆಸ್ ಎಂದು ಕಂಡಕ್ಟರನಿಗೂ ಹೊಳೆದಿರಲಿಲ್ಲ. ಅವನು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದ. "ಆಯಿ, ಬಾಜೂಕ ನಿಂದ್ರು, ಹಾಂ, ಒಂದಿಷ್ಟ ನಗು."

ಆಯಿ ನಗಲಿಲ್ಲ. ಒಳ್ಳೆಯ ಕಣ್ಣನ್ನು ಬಟ್ಟೆಗೆ ತಾಗುವಷ್ಟು ಹತ್ತಿರ ಒಯ್ದು, ಎಡದಿಂದ ಬಲಕ್ಕೆ ನೋಡುತ್ತ ಹೋದರು. ಶಿಲುಬೆಯ ಹತ್ತಿರ ಬಂದಾಗ ನಿಂತರು.

"ಇದೇನ? ಗಂಡಸಿಗೆ ತಾಳಿ ಯಾಕ ಕಟ್ಟೀರಿ?"

"ಪದಕ ಐತಿ ಆಯಿ" ಅಂದ ನನ್ನ ವಿದ್ಯಾರ್ಥಿ.

"ಗುದ್ದಲಿ ಹೊಡದವಗ ಪದಕಾ ಕೊಟ್ರೇನು?" ಆಯಿ ನನ್ನ ಕಡೆ ತಿರುಗಿದರು. "ಮಾಸ್ತರ, ನೀವು ಆ ಲಡಾಯಿ ಬಲ್ಲವರು. ಖರೇ ಹೇಳ್ರಿ. ಇವು ನಮ್ಮಪ್ಪನ ಅರಬಿ ಹೌದೇನು?"

ಹೌದು ಎಂದಿದ್ದರೆ ಊಟದ ಎಲೆಗಳು ಬೀಳುತ್ತಿದ್ದವು, ಹೂಮಾಲೆ ಏರುತ್ತಿತ್ತು, ಮೊಮ್ಮಗನ ಮುಖ ಉಳಿಯುತ್ತಿತ್ತು. ಆದರೆ ಆ ಒಂದು ಕಣ್ಣು ನನ್ನ ಮೇಲಿತ್ತು.

"ಅಲ್ಲ ಆಯಿ. ಇವು ಅವರನ್ನು ಸೆರೆ ಹಿಡಿದವನ ಅರಬಿ."

ಕಂಡಕ್ಟರನ ಕೈಯಲ್ಲಿದ್ದ ಮೊಬೈಲು ಕೆಳಗಿಳಿಯಿತು. ಅವನು ನನ್ನ ವಿದ್ಯಾರ್ಥಿಯ ಕಡೆ ನೋಡಿದ. ನನ್ನ ವಿದ್ಯಾರ್ಥಿ ನನ್ನ ಕಡೆ ನೋಡಿದ. ಕಂಡಕ್ಟರ ಸಣ್ಣ ದನಿಯಲ್ಲಿ, "ಇರಲಿ ಬಿಡ್ರಿ ಸರ. ಬಂದ ಮಂದಿಗೆ ಏನ ಗೊತ್ತಾಗತೈತಿ? ನೋಡಾಕ ಭಾರಿ ಕಾಣತೈತಿ. ಮುಖಾ ಅಂತೂ ನಮ್ಮ ಮುತ್ತ್ಯಾಂದ ಐತಲ್ಲ" ಅಂದ.

"ಮುಖಾ ನಂದು" ಅಂದರು ಆಯಿ. "ನನಗ ಗೊತ್ತಾಗಾಂಗಿಲ್ಲ ಅಂದಿ ಏನಲೇ? ಮೀಸಿ ಹಚ್ಚಿದ್ರ ಏನಾತು? ನನ್ನ ಮಾರಿ ನೋಡಾಕ ನಾ ಎಸ್‌ಟಿ ಹತ್ತಿ ಬರಬೇಕೇನು? ಮನ್ಯಾಗ ಕನ್ನಡಿ ಐತಿ. ನಾ ಅರಬಿ ನೋಡಾಕ ಬಂದಿದ್ದೆ."

ನನ್ನ ವಿದ್ಯಾರ್ಥಿ ಸಂಕಟದಿಂದ, ಕೆಳಗಿನ ಪುಠ್ಠೆಗಳನ್ನೆಲ್ಲ ತೆಗೆದು ಹೊಸದಾಗಿ ಸಾದಾ ಖಾಕಿ ಹಾಕಿಕೊಡುತ್ತೇನೆ, ಸಮಾರಂಭ ಎಂಟು ದಿನ ಮುಂದೆ ಹಾಕಿ ಎಂದ. ಆಯಿ ಬಗ್ಗಿ ಬಟ್ಟೆಯ ಕೆಳಗಿನ ಕುಚ್ಚನ್ನು ಎತ್ತಿ, ಅದರ ಹಿಂದೆ ಇನ್ನೂ ಏನಾದರೂ ಇದೆಯೇ ಎಂದು ನೋಡಿದರು.

"ಬೂಟು?"

"ಏನಂದ್ರಿ ಆಯಿ?"

"ಬೂಟ ಎಲ್ಲಿ? ಎದಿಗೆ ನಿಂದ್ರಿಸೀರಿ."

"ಆಯಿ, ದೊಡ್ಡ ಮಂದಿ ಫೋಟೋಕ್ಕ ಕಾಲ ಇರಾಂಗಿಲ್ಲರಿ. ಎಲ್ಲಾರದೂ ಎದಿತನಕ ಇರತೈತಿ."

"ನಮ್ಮಪ್ಪ ದೊಡ್ಡ ಮನಶ್ಯಾ ಅಲ್ಲಲಾ" ಅಂದರು ಆಯಿ. "ಅಂವಂದು ಗತ್ತ ಇದ್ದದ್ದ ಕಾಲಾಗ."

ಆಮೇಲೆ ನನ್ನನ್ನು ಕೇಳಿದರು: ಹಾಗಾದರೆ ತಮ್ಮ ಅಪ್ಪನ ಬೂಟು ಹೇಗಿತ್ತು, ಎಲ್ಲಿಯ ತನಕ ಬರುತ್ತಿತ್ತು, ಮೇಲೆ ಪಟ್ಟಿ ಸುತ್ತುತ್ತಿದ್ದರೋ ಇಲ್ಲವೋ. ಖಾಕಿ ಇತ್ತು ಆಯಿ ಎಂದೆ. "ಅದು ನನಗೂ ಗೊತ್ತೈತಿ, ಇವನ ಮೈಮ್ಯಾಲೂ ಐತಿ" ಎಂದು ಆಯಿ ಮೊಮ್ಮಗನನ್ನು ತೋರಿಸಿದರು. ಜನರಲ್ ಸಾಹೇಬರು ಟೋಪಿಯ ಮೇಲೆ ಕಟ್ಟಿಕೊಳ್ಳುತ್ತಿದ್ದ ಕನ್ನಡಕ ಶತ್ರುವಿನಿಂದ ದಕ್ಕಿದ್ದು ಎಂಬುದು ನನಗೆ ಗೊತ್ತಿತ್ತು. ಸಲಿಕೆ ಹಿಡಿದವರ ಕಾಲಲ್ಲಿ ಏನಿತ್ತು ಎಂಬುದು ಗೊತ್ತಿರಲಿಲ್ಲ.

"ಇಷ್ಟ ವರ್ಷ ಅಲ್ಲೀದ ಹೇಳೀರಿ ಮಾಸ್ತರ" ಅಂದರು ಆಯಿ, ಸಿಟ್ಟಿಲ್ಲದೆ. "ನಮ್ಮಪ್ಪ ಅಲ್ಲಿ ಇದ್ದಿಲ್ಲೇನು?"

ಗೋಡೆಚಿತ್ರವನ್ನು ಅವರು ಒಯ್ಯಲಿಲ್ಲ. ಬೀಗರಿಗೆ, ಆಯಿಗೆ ಆರಾಮಿಲ್ಲ ಎಂದು ಹೇಳಿ ಕಳಿಸಿದರು.

ನಾನು ಮನೆಯ ಪುಸ್ತಕಗಳನ್ನೆಲ್ಲ ಕೆಳಗಿಳಿಸಿದೆ. ಜನರಲ್ ಸಾಹೇಬರ ಬೂಟು ಸಿಗದ ಪುಸ್ತಕವಿಲ್ಲ: ಟ್ಯಾಂಕಿನ ಮೇಲೆ, ಮೋಟಾರಿನ ಫುಟ್‌ಬೋರ್ಡಿನ ಮೇಲೆ, ನಕಾಶೆಯ ಮೇಜಿನ ಪಕ್ಕ, ಒಂದು ಕಡೆಯಂತೂ ಯಾರೋ ಅದನ್ನು ಒರೆಸುತ್ತಿದ್ದಾರೆ. ಕೊನೆಗೆ ಒಂದರಲ್ಲಿ ಸೆರೆಯಾಳುಗಳ ಉದ್ದನೆಯ ಸಾಲು ಸಿಕ್ಕಿತು. ಕೆಲವರ ತಲೆಗೆ ಪೇಟವಿತ್ತು, ನಮ್ಮವರೇ ಇರಬೇಕು. ಮೊಣಕಾಲಿನ ಕೆಳಗೆ ಧೂಳು. ಅಷ್ಟು ಸಲ ನಾನು ಚಪ್ಪಾಳೆ ಗಿಟ್ಟಿಸಿದ ಧೂಳು ಇದೇ ಇರಬಹುದು.

ಅದನ್ನೇ ಹಿಡಿದುಕೊಂಡು ಅಕ್ಕಲಕೋಟಕ್ಕೆ ಹೋದೆ. ಆಯಿ ಪುಸ್ತಕವನ್ನು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು.

"ಇದ್ರಾಗ ಅಂವ ಅದಾನೇನ್ರಿ?"

"ಗೊತ್ತಿಲ್ಲ ಆಯಿ."

"ಕಾಲ ಕಾಣವಲ್ಲವು."

"ಇಲ್ಲ."

ಆಯಿ ಪುಸ್ತಕ ಮುಚ್ಚಿ ನನ್ನ ತೊಡೆಯ ಮೇಲಿಟ್ಟರು. "ನಮ್ಮವ್ವ ತಲಿ ಕೆಳಗ ಹಾಕ್ಕೊಂಡ ಹತ್ತ ಮಾರ ಹಿಂದ ಹೊಂಟಿದ್ಲು, ತನ್ನ ಕಾಲ ಬಿಟ್ಟ ಏನೂ ನೋಡಿರಾಕಿಲ್ಲ. ಕೇರಿ ಮಂದಿ ದೂರ ನಿಂತಿದ್ರು. ಎದುರಿಗೆ ಕುಂತ ನೋಡಿದಾಂವ ನಿಮ್ಮಜ್ಜ ಒಬ್ಬನ. ಏನರ ಹೇಳಿದ್ದನೇನು?"

ಅಜ್ಜ ನಾನು ಕಾಲೇಜು ಮುಗಿಸುವ ತನಕ ಬದುಕಿದ್ದ. ಸಂಜೆ ಸಂಜೆ ಅದೇ ಕಟ್ಟೆಯ ಮೇಲೆ ಕೂತು, ನಾವು ಬೇಡವೆಂದರೂ ಕಥೆ ಹೇಳುತ್ತಿದ್ದ ಮನುಷ್ಯ.

"ಎಂದೂ ಹೇಳಲಿಲ್ಲ ಆಯಿ."

"ಹ್ಯಾಂಗ ಹೇಳ್ಯಾನ?" ಅಂದರು ಆಯಿ. "ಬೂಟಿಂದು ಹೇಳಿದ್ರ, ತಾ ಸುಮ್ಮ ಕುಂತದ್ದೂ ಹೇಳಬೇಕಾಗತಿತ್ತು."